ಬೆಣ್ಣೆ ಸವರಿದ ಬಾಟಲಿ

ಕುದುರೆ ಕಂಡರೆ ಸೀನುವ ಕಿರ್ಗಿಜ್ ಹುಡುಗಿ ಸುಸಾಮಿರ್ ಕಣಿವೆಗೆಲ್ಲ ತಾನೊಬ್ಬಳೇ ಎಂಬುದು ತುರ್ಸುನಾಯ್‌ಗೆ ಚೆನ್ನಾಗಿ ಗೊತ್ತಿತ್ತು. ಬೆಸ್ತರ ಮನೆಯಲ್ಲಿ ಹುಟ್ಟಿದ ಮಗುವಿಗೆ ಮೀನಿನ ವಾಸನೆ ಆಗದಿದ್ದರೆ ಹೇಗೋ ಹಾಗೆ. ಅವಳ ಅಪ್ಪ ಪ್ರತಿ ಬೇಸಿಗೆಯಲ್ಲೂ ಹೆಣ್ಣು ಕುದುರೆಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಬಂದು, ಗುಡಾರ ಹಾಕಿ, ಕರೆದ ಹಾಲನ್ನು ಹುಳಿಗಟ್ಟಿಸಿ ಕುಮಿಸ್ ಮಾಡಿ ಮಾರುವವನು. ಮಗಳಿಗೆ ಕುದುರೆಯ ಕೂದಲು ಆಗದು, ಬೆರಣಿಯ ಹೊಗೆ ಆಗದು, ಬೆಳಗಿನ ಥಂಡಿ ಗಾಳಿ ಆಗದು. "ನಂಗೆ ಆಗಿಬರೋದು ಒಂದೇ, ಊಟ" ಎಂದು ಅವಳೇ ಹೇಳಿ ನಗುತ್ತಿದ್ದಳು. ಹದಿನೈದು ವರ್ಷಕ್ಕೆ ಅವಳು ಕಲಿತ ಬುದ್ಧಿ ಅದು: ಊರವರು ನಗುವ ಮೊದಲೇ ನಾವು ನಕ್ಕುಬಿಟ್ಟರೆ ಅವರಿಗೆ ಉಳಿಯುವುದು ತಂಗಳು ನಗೆ.

ಎದೆ ಸುಯ್ಯೆಂದು ಸಿಳ್ಳೆ ಹಾಕತೊಡಗಿದರೆ, "ಒಳಗೊಬ್ಬ ಕುರುಬ ಕೂತಿದಾನೆ, ಕುರಿ ಕರೀತಿದಾನೆ" ಎನ್ನುತ್ತಿದ್ದಳು. ಶಾಲೆಯಲ್ಲಿ ಆಟದ ಮೇಷ್ಟ್ರು ಓಡು ಎಂದರೆ, "ನಾನು ಓಡಿದ್ರೆ ನನ್ ಹಿಂದೆ ಆಂಬುಲೆನ್ಸೂ ಓಡಬೇಕಾಗತ್ತೆ ಸಾರ್" ಎಂದು ಮರದ ನೆರಳು ಸೇರುತ್ತಿದ್ದಳು. ಮೇಷ್ಟ್ರಿಗೂ ಸುಖ, ಅವಳಿಗೂ ಸುಖ.

ಆದರೆ ಆ ಜುಲೈನಲ್ಲಿ ಒಂದು ಓಟವನ್ನು ಮಾತ್ರ ಓಡಲೇಬೇಕೆಂಬ ಆಸೆ ಅವಳಿಗೆ ಹುಟ್ಟಿಬಿಟ್ಟಿತು. ಅಣ್ಣನ ಮಗ ಕುಬಾತ್ ಗುಡಾರದ ಮರದ ಜಾಲರಿ ಹಿಡಿದು ನಿಲ್ಲತೊಡಗಿದ್ದ. ಮಗು ನಿಂತಿತೆಂದರೆ ಕಾಲ ಹುರಿ ಕತ್ತರಿಸುವ ಹಬ್ಬ ಮಾಡಬೇಕು. ಕಪ್ಪು ಬಿಳಿ ಉಣ್ಣೆ ಸೇರಿಸಿ ಹೊಸೆದ ಹುರಿಯಿಂದ ಮಗುವಿನ ಎರಡೂ ಕಾಲು ಕಟ್ಟಿ ನಿಲ್ಲಿಸುತ್ತಾರೆ. ನೆಂಟರಿಷ್ಟರ ಮಕ್ಕಳು ದೂರದಿಂದ ಓಡಿ ಬರುತ್ತಾರೆ. ಮೊದಲು ಬಂದವರು ಹುರಿ ಕತ್ತರಿಸಿ, ಮಗುವಿನ ಕೈಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ. ಅವರಿಗೆ ಒಂದು ಕುರಿ ಬಹುಮಾನ. ಹುರಿ ಕತ್ತರಿಸಿದವರ ಗುಣವೇ ಮಗುವಿಗೆ ಬರುತ್ತದೆ ಎನ್ನುವುದು ಹಿರಿಯರ ಮಾತು. ತೊಡಕು ಇದ್ದದ್ದು ಅಲ್ಲೇ.

"ನಮ್ಮ ಇಲ್ಗಿಜ್ ಓಡ್ತಾನೆ" ಎಂದಳು ಸೋದರತ್ತೆ ಕಾಲಿಪಾ, ಚಹಾದ ಬಟ್ಟಲು ಕೆಳಗಿಡುತ್ತ. "ನನ್ ಮಗ ಅಂತ ಹೇಳ್ತಿಲ್ಲ. ಗಾಳಿ ಹಂಗೆ ಓಡ್ತಾನೆ."

"ನಾನೂ ಓಡ್ತೀನಿ ಅತ್ತೆ" ಎಂದಳು ತುರ್ಸುನಾಯ್.

"ನೀನಾ?"

"ಹೂಂ. ನಾನೂ ಗಾಳಿ ಹಂಗೇ. ನಿಂತ್ಹೋದ ಗಾಳಿ ಹಂಗೆ."

ಎಲ್ಲರೂ ನಕ್ಕರು. ಕಾಲಿಪಾ ನಗಲಿಲ್ಲ. ಅವಳೇನು ಕೆಟ್ಟ ಹೆಂಗಸಲ್ಲ. ಮನಸ್ಸಿಗೆ ಬಂದದ್ದು ನಾಲಿಗೆಯ ಮೇಲೆ ಒಂದು ಕ್ಷಣವೂ ಕೂರದೆ ಹೊರಗೆ ಬೀಳುವುದಷ್ಟೇ ಅವಳ ರೋಗ. "ತಮಾಷೆ ಸಾಕು ಮಾಡೇ. ಅಕಸ್ಮಾತ್ ನೀನೇ ಮೊದ್ಲು ಬಂದೆ ಅಂತಿಟ್ಕೋ. ಹುರೀನೂ ಕತ್ತರಿಸ್ದೆ. ಆಮೇಲೆ ಮಗೂಗೆ ನಿನ್ ಉಬ್ಬಸ ಅಂಟ್ಕೊಂಡ್ರೆ? ಬೇಜಾರ್ ಮಾಡ್ಕೋಬೇಡ, ಇದ್ದದ್ದು ಹೇಳ್ದೆ."

"ನನ್ ಉಬ್ಬಸಾನ ಹಂಗೆಲ್ಲ ಯಾರಿಗೂ ಕೊಡಲ್ಲ ಅತ್ತೆ. ಕಷ್ಟಪಟ್ಟು ಸಂಪಾದಿಸಿದ್ದು."

ಹಾಗೆಂದು ನಗುತ್ತಲೇ ತುರ್ಸುನಾಯ್ ಅತ್ತಿಗೆಯ ಮುಖ ನೋಡಿದಳು. ಮಗುವಿನ ತಾಯಿ ಜಾರ್ಕಿನ್ ಮಂಡಿಯ ಮೇಲೆ ಆ ಹುರಿಯನ್ನೇ ಹೊಸೆಯುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ. ಮಾತು ಕಡಿಮೆಯ ಹೆಂಗಸು. ಸೊಸೆಯಾಗಿ ಬಂದಾಗಿನಿಂದಲೂ ಹಾಗೆಯೇ. ಅತ್ತೆಯ ಮಾತು ಮುಳ್ಳಿನ ಹಾಗೆ ಚುಚ್ಚಿ ಹೊರಬಂತು, ಅತ್ತಿಗೆಯ ಮೌನ ಒಳಗೇ ಮುರಿದು ಉಳಿಯಿತು. ಬೇಡವೆಂದಾದರೂ ಹೇಳಬಾರದಿತ್ತೇ?

"ಓಡ್ಲಿ ಬಿಡೇ ಕಾಲಿಪಾ" ಎಂದಳು ಅಜ್ಜಿ ಬುರುಲ್. "ಕಾಲಿದೆ, ಓಡ್ತಾಳೆ."

"ಕಾಲಿನ ಮಾತಲ್ಲಮ್ಮ ಇದು, ಎದೇದು."

"ಎದೇದು ನಾನು ನೋಡ್ಕೋತೀನಿ" ಎಂದಳು ಅಜ್ಜಿ. ಆ ಮಾತನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾಳೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಎದೆಯ ವಿಷಯದಲ್ಲಿ ತುರ್ಸುನಾಯ್ ತಾನೇ ಒಮ್ಮೆ ಭಾರಿ ಬುದ್ಧಿವಂತಿಕೆ ತೋರಿಸಿ ಆಗಿತ್ತು. ಅವಳಿಗೆ ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಎರಡು ಪಂಪು. ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಸಂಜೆ, ಚೆನ್ನಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ನೀಲಿಯದು ಉಸಿರು ಕಟ್ಟಿದಾಗ, ಅಥವಾ ಓಡುವುದಕ್ಕೆ ತುಸು ಮುಂಚೆ. ಕಳೆದ ಚಳಿಗಾಲದಲ್ಲಿ ಎದೆ ಬಹಳ ದಿನ ಸುಮ್ಮನಿತ್ತು. ಚೆನ್ನಾಗಿಯೇ ಇದ್ದೇನಲ್ಲ, ದಿನಾ ಯಾಕೆ ಎಂದು ಕಂದು ಪಂಪನ್ನು ಕಾಲುಚೀಲದೊಳಗೆ ಸುತ್ತಿ ಇಟ್ಟುಬಿಟ್ಟಳು. ಮನೆ ಸೋರುತ್ತಿಲ್ಲ, ಇನ್ನು ಸೂರು ಯಾಕೆ ಎಂದು ಕಿತ್ತುಹಾಕಿದ ಹಾಗೆ. ಮಾರ್ಚಿನಲ್ಲಿ ಸೂರಿಲ್ಲದ್ದು ಗೊತ್ತಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದಾಗ ಜೋಕು ಹೇಳಲೂ ಆಗಲಿಲ್ಲ.

ಅಲ್ಲಿಯ ನರ್ಸಮ್ಮ ನಿಂಬೆ ಶರಬತ್ತಿನ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಂದು, ತಳದಲ್ಲಿ ಪಂಪಿನ ಬಾಯಿ ಕೂರುವಷ್ಟು ತೂತು ಕೊರೆದಳು. "ನೇರ ಬಾಯಿಗೆ ಹೊಡ್ಕೊಂಡ್ರೆ ಅರ್ಧ ಔಷಧಿ ನಿನ್ ನಾಲಿಗೆಗೇ ಹೋಗತ್ತೆ. ಅದಕ್ಕೇ ನಾಲಿಗೆ ಅಷ್ಟು ಚುರುಕಾಗಿರೋದು" ಎಂದು ತಮಾಷೆ ಮಾಡಿ, ಔಷಧಿಯನ್ನು ಬಾಟಲಿಯೊಳಗೆ ಬಿಟ್ಟು, ಬಾಟಲಿಯ ಕತ್ತಿಗೆ ತುಟಿಯಿಟ್ಟು ನಿಧಾನವಾಗಿ ಎಳೆದುಕೊಳ್ಳುವುದನ್ನು ಕಲಿಸಿದಳು. ಕೊನೆಗೆ ಮನೆಯವರಿಗೆ ಬೆರಳೆತ್ತಿ ಹೇಳಿದಳು: "ಈ ಹುಡುಗಿ ಹತ್ರ ಹೊಗೆ ಸುಳೀಬಾರ್ದು."

ಅಜ್ಜಿ ಬುರುಲ್ ಅದನ್ನು ದೇವರ ಅಪ್ಪಣೆಯ ಹಾಗೆ ತಲೆಯ ಮೇಲಿಟ್ಟುಕೊಂಡಳು. ಬೆರಣಿ ಒಲೆ ಗುಡಾರದಿಂದ ಹೊರಬಿತ್ತು. ಇನ್ನೊಂದು ಕೆಲಸವನ್ನಂತೂ ಅವಳು ಜೀವ ಹೋದರೂ ಬಿಡುವವಳಲ್ಲ. ಅದನ್ನು ಗುಡ್ಡದ ಆಚೆಗೆ ಸಾಗಿಸಿದಳು. ಕುಮಿಸ್ ಹಾಕುವ ಚರ್ಮದ ಚೀಲಕ್ಕೆ ಅರ್ಚಾ ಗಿಡದ ಟೊಂಗೆ ಸುಟ್ಟು ಒಳಗೆಲ್ಲ ಹೊಗೆ ತುಂಬಿಸಬೇಕು, ಆಮೇಲೆ ಬೆಣ್ಣೆ ಸವರಬೇಕು. ಹೊಗೆ ಕಾಣದ ಚೀಲದಲ್ಲಿ ಹಾಲು ಹಳಸುತ್ತದೆ, ಮನೆಯ ಮಾನ ಹೋಗುತ್ತದೆ. ಅಜ್ಜಿಯ ಚೀಲದ ಕುಮಿಸ್‌ಗಾಗಿ ಜನ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಹತ್ತಿ ಬರುತ್ತಿದ್ದರು.

ಮೊಮ್ಮಗಳ ಬಾಟಲಿಯನ್ನೂ ಅಜ್ಜಿಯೇ ಜಾಲರಿಯ ಮೇಲೆ, ಆ ಚರ್ಮದ ಚೀಲದ ಪಕ್ಕದಲ್ಲೇ, ದಾರ ಕಟ್ಟಿ ನೇತುಹಾಕಿದ್ದಳು. "ಅದರಲ್ಲಿ ಹಾಲು, ಇದರಲ್ಲಿ ಉಸಿರು" ಎನ್ನುತ್ತಿದ್ದಳು.

ಬೆಳಿಗ್ಗೆ ತುರ್ಸುನಾಯ್ ಬಾಟಲಿ ಕೆಳಗಿಳಿಸಿದೊಡನೆ ಕುಬಾತ್ ಎಲ್ಲಿದ್ದರೂ ತೆವಳಿಕೊಂಡು ಬಂದು ಎದುರಿಗೆ ಕೂರುತ್ತಿದ್ದ. ಅವಳು ಪಂಪು ಅಲ್ಲಾಡಿಸಿದರೆ ಅವನು ಮುಷ್ಟಿ ಅಲ್ಲಾಡಿಸುವನು. ಅವಳು ಉಸಿರು ಹಿಡಿದರೆ ಅವನು ಕೆನ್ನೆ ಉಬ್ಬಿಸುವನು. ಅವಳು ಹೂ ಎಂದು ಬಿಟ್ಟರೆ ಅವನು ಎಂಜಲು ಹಾರಿಸುವನು. "ನೋಡಪ್ಪ, ನನಗೂ ಒಬ್ಬ ಶಿಷ್ಯ" ಎಂದು ಅವಳು ಬಾಯಿ ಮುಕ್ಕಳಿಸಲು ಎದ್ದುಹೋಗುತ್ತಿದ್ದಳು. ಆದರೆ ಕಾಲಿಪಾಳ ಮಾತು ಕೇಳಿದ ಮೇಲೆ ಆ ಕೆನ್ನೆ ಉಬ್ಬಿಸುವುದನ್ನು ನೋಡಿದಾಗಲೆಲ್ಲ ಎಲ್ಲೋ ಅಳುಕಾಗುತ್ತಿತ್ತು. ಉಬ್ಬಸ ಅಂಟುಜಾಡ್ಯವಲ್ಲ ಎಂದು ನರ್ಸಮ್ಮ ಹೇಳಿದ್ದಳು, ನಿಜ. ಹುರಿಯ ವಿಷಯ ನರ್ಸಮ್ಮನನ್ನು ಕೇಳಿರಲಿಲ್ಲವಲ್ಲ.

ಆದರೂ ಓಟದ ತಯಾರಿ ನಡೆಯಿತು. ಬಿಸಿಲೇರಿದ ಮೇಲೆ, ಯಾರಿಗೂ ಕಾಣದಂತೆ, ತೊರೆಯ ಆಚೆ. ಮೊದಲು ನೀಲಿ ಪಂಪು, ಆಮೇಲೆ ತುಸು ಹೊತ್ತು ನಡಿಗೆ, ಆಮೇಲೆ ಓಟ. ಮೊದಲ ದಿನ ಅವಳ ಓಟ ನೋಡಲು ಬಿಲದಿಂದ ಒಂದು ದಪ್ಪ ಮರ್ಮೊಟ್, ಬೆಟ್ಟದ ದೊಡ್ಡ ಅಳಿಲು, ಎದ್ದು ನಿಂತು, ಕೈ ಎದೆಗಿಟ್ಟುಕೊಂಡು ಸಿಳ್ಳೆ ಹಾಕಿತು. ಅವಳ ಎದೆಯೂ ಒಳಗಿನಿಂದ ಅದೇ ರಾಗದಲ್ಲಿ ಉತ್ತರ ಕೊಟ್ಟಿತು. ಅಲ್ಲಿಗೆ ಅಂದಿನ ಓಟ ಮುಗಿಯಿತು. ಹಬ್ಬ ಹತ್ತಿರವಾಗುವ ಹೊತ್ತಿಗೆ ಮರ್ಮೊಟ್ ಮಾತ್ರ ಸಿಳ್ಳೆ ಹಾಕುತ್ತಿತ್ತು, ಎದೆ ಸುಮ್ಮನಿರುತ್ತಿತ್ತು. ತಾನು ಮೊದಲಿಗಳಾಗಿ ಬಂದು ಕತ್ತರಿ ಹಿಡಿದು ನಿಂತಂತೆ, ಅತ್ತಿಗೆ ಕೊನೆಗೂ ಬಾಯಿ ಬಿಟ್ಟು ಏನೋ ಒಳ್ಳೆಯ ಮಾತಾಡಿದಂತೆ ಅವಳಿಗೆ ಹಗಲುಗನಸು ಬೀಳತೊಡಗಿತು. ಏನೆಂದಳು ಎಂಬುದು ಮಾತ್ರ ಕನಸಿನಲ್ಲೂ ಕೇಳಿಸುತ್ತಿರಲಿಲ್ಲ.

ಹಬ್ಬದ ದಿನ ಕಣಿವೆಯ ಎರಡೂ ಕಡೆಯಿಂದ ನೆಂಟರು ಕುದುರೆ, ಕಾರು, ಟ್ರಾಕ್ಟರಿನಲ್ಲಿ ಬಂದಿಳಿದರು. ಅಮ್ಮ ಕೊಪ್ಪರಿಗೆಯ ಮುಂದೆ ಮಾಂಸ ಬೇಯಿಸುತ್ತಿದ್ದಳು. ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ಕರಿದು ರಾಶಿ ಹಾಕಿದ್ದರು. ಎಲ್ಲೆಲ್ಲೂ ಅರ್ಚಾ ಹೊಗೆ ಕುಡಿದ ಕುಮಿಸ್‌ನ ಪರಿಮಳ. ತುರ್ಸುನಾಯ್ ಕುದುರೆಗಳಿಂದ ದೂರ, ಗಾಳಿ ಬೀಸುವ ಕಡೆ ಬೆನ್ನು ಮಾಡಿ, ರಾಯಭಾರಿಯ ಹಾಗೆ ಎಲ್ಲರಿಗೂ ದೂರದಿಂದಲೇ ನಮಸ್ಕಾರ ಹೇಳುತ್ತ ನಿಂತಿದ್ದಳು.

ಮಕ್ಕಳನ್ನು ಕೂಗಿ ಸೇರಿಸತೊಡಗಿದಾಗ ಅವಳು ಗುಡಾರದೊಳಕ್ಕೆ ಬಂದಳು. ಬಾಟಲಿ ಅದರ ಜಾಗದಲ್ಲೇ ತೂಗುತ್ತಿತ್ತು. ತುಸು ಹಳದಿಯಾಗಿ ಕಂಡಿತು. ಬಿಸಿಲಿನ ಬಣ್ಣವಿರಬೇಕು ಎಂದುಕೊಂಡಳು. ಕತ್ತು ಒಂದು ಕಡೆ ವಾಲಿತ್ತು. ಯಾರೋ ಒರಗಿರಬೇಕು ಎಂದುಕೊಂಡಳು. ಅವಸರಕ್ಕೆ ಕಣ್ಣಿಲ್ಲ. ಪಂಪು ಅಲ್ಲಾಡಿಸಿ, ತಳಕ್ಕೆ ಸಿಕ್ಕಿಸಿ, ಒತ್ತಿ, ತುಟಿಯಿಟ್ಟು ನಿಧಾನವಾಗಿ ಆಳವಾಗಿ ಎಳೆದುಕೊಂಡಳು.

ಇಡೀ ಒಂದು ಅರ್ಚಾ ಗಿಡವೇ ಎದೆಯೊಳಗೆ ಹೊಕ್ಕಿತು. ತುಟಿ ಜಾರಿತು. ನಾಲಿಗೆಗೆ ಬೆಣ್ಣೆ ಹತ್ತಿತು. ಅವಳು ಕೆಮ್ಮಿದ ರಭಸಕ್ಕೆ ಬಾಟಲಿ ಹಾರಿ ಹಾಸಿಗೆಗಳ ರಾಶಿಯ ಮೇಲೆ ಬಿತ್ತು.

ಕೆಮ್ಮಿನ ಸದ್ದಿಗೆ ಅಜ್ಜಿ ಓಡಿಬಂದಳು.

"ಅಜ್ಜೀ... ಬಾಟ್ಲಿಗೆ... ಏನ್ಮಾಡ್ದೆ?"

"ಏನ್ಮಾಡ್ದೆ ಅಂದ್ರೆ? ಹಬ್ಬ ಅಲ್ವೇನೇ! ಮನೇಲಿರೋ ಚೀಲ ಪಾತ್ರೆಗೆಲ್ಲ ಹೊಗೆ ಕೊಟ್ಟೆ. ನಿಂದೊಂದು ಬಿಡಕ್ಕಾಗತ್ತಾ? ಬೆಳಿಗ್ಗೆ ನೀನು ಎಳ್ಕೊಂಡಾದ್ಮೇಲೆ ತಗೊಂಡ್ಹೋದೆ. ಹಾಲಿಗೇ ಅಷ್ಟು ಮಾಡೋವಾಗ ಉಸಿರಿಗೆ ಬೇಡ್ವಾ? ಎಳೇ ಟೊಂಗೆನೇ ಆರಿಸಿದ್ದೆ. ಬೆಣ್ಣೇನೂ ಹೊಸದು."

"ಹೊ... ಹೊಗೆ, ಅಜ್ಜಿ!"

"ನಿಂಗೆ ಹೊಗೆ ಆಗಲ್ಲ ಅಂತ ನಂಗೊತ್ತಿಲ್ವಾ? ಅದಕ್ಕೇ ಗುಡ್ಡದ ಆಚೆ ಹೋಗಿ ಕೊಟ್ಟೆ! ಒಂದೆಳೆ ಹೊಗೇನೂ ನಿನ್ ಕಡೆ ಬರ್ದೇ ಇರೋ ಹಂಗೆ..." ಎನ್ನುತ್ತಿದ್ದ ಅಜ್ಜಿಗೆ ಮಾತಿನ ಮಧ್ಯದಲ್ಲೇ ತಾನು ಮಾಡಿದ್ದೇನೆಂದು ಹೊಳೆಯಿತು. "ಅಯ್ಯೋ, ನನ್ ಕೈಗೆ ಬರೆ ಹಾಕ!" ಎಂದು ಕುಸಿದು ಕುಳಿತಳು.

ಎದೆಯೊಳಗಿನ ಕುರುಬ ಎದ್ದು ಕುಳಿತು ಸಿಳ್ಳೆ ಶುರುಮಾಡಿದ್ದ. ತುರ್ಸುನಾಯ್ ಮೊದಲು ಗುಡಾರದ ಬಾಗಿಲ ಹೊದಿಕೆ ಎತ್ತಿಸಿ ಗಾಳಿ ಬರುವ ಕಡೆಗೆ ಸರಿದು, ಅಲ್ಲಿದ್ದ ಪೆಟ್ಟಿಗೆಯ ಮೇಲೆ ನೆಟ್ಟಗೆ ಕುಳಿತಳು. ಬಾಟಲಿ ಇಲ್ಲದಾಗ ಏನು ಮಾಡಬೇಕೆಂದೂ ನರ್ಸಮ್ಮ ಹೇಳಿಕೊಟ್ಟಿದ್ದಳು: ಇದ್ದ ಉಸಿರೆಲ್ಲ ಬಿಟ್ಟು, ಪಂಪಿನ ಬಾಯಿಯನ್ನು ತುಟಿಯಿಂದ ಮುಚ್ಚಿ ಹಿಡಿದು, ಎಳೆದುಕೊಳ್ಳಲು ಶುರುಮಾಡುವಾಗಲೇ ಒತ್ತಬೇಕು. ಮೊದಲನೆಯದು ಕೆಮ್ಮಿಗೆ ಸಿಕ್ಕಿ ನಾಲಿಗೆಯ ಪಾಲಾಯಿತು. ಎರಡನೆಯದು ಒಳಗೆ ಹೋಯಿತು. ತುಸು ತಡೆದು ಇನ್ನೊಂದು.

ಆಗಲೇ ಜಾರ್ಕಿನ್ ಕತ್ತರಿ ಹುಡುಕಿಕೊಂಡು ಬಂದದ್ದು. ಅಜ್ಜಿಯ ಮುಖ, ನಾದಿನಿಯ ಭುಜಗಳ ಏರಿಳಿತ, ಬೆಣ್ಣೆ ಮೆತ್ತಿದ ಬಾಟಲಿ, ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಎಷ್ಟೊತ್ತು ಬೇಕು?" ಎಂದಳು.

ಬೇರೆ ದಿನವಾಗಿದ್ದರೆ ತುರ್ಸುನಾಯ್ ಏನಾದರೂ ತಮಾಷೆ ಮಾಡುತ್ತಿದ್ದಳು. ಆದರೆ ತಮಾಷೆಗೂ ಉಸಿರು ಬೇಕು. ಇರುವ ಉಸಿರನ್ನು ಅದಕ್ಕೆ ಖರ್ಚು ಮಾಡುವಷ್ಟು ಸಿರಿತನ ಆಗ ಅವಳಿಗಿರಲಿಲ್ಲ. "ಸ್ವಲ್ಪ ಹೊತ್ತು ಅತ್ತಿಗೆ" ಎಂದಳು. ಅಷ್ಟು ಚಿಕ್ಕ ಮಾತನ್ನು ತನ್ನ ಎದೆಯ ಬಗ್ಗೆ ಅವಳು ಯಾರ ಹತ್ತಿರವೂ ಆಡಿರಲಿಲ್ಲ.

ಜಾರ್ಕಿನ್ ಹೊರಗೆ ಹೋದಳು. ಸ್ವಲ್ಪದರಲ್ಲೇ ಅವಳ ದನಿ ಕೇಳಿಸಿತು. "ಹುರಿ ಸಡಿಲ ಆಗಿದೆ. ಬಿಚ್ಚಿ ಮತ್ತೆ ಕಟ್ತೀನಿ."

"ಈಗ್ತಾನೇ ಕಟ್ಟಿದ್ಯಲ್ಲೇ!" ಇದು ಕಾಲಿಪಾ.

"ಕಪ್ಪು ಎಳೆ ಮೇಲೆ ಬಂದ್ಬಿಟ್ಟಿದೆ. ಬಿಳೀದು ಮೇಲಿರ್ಬೇಕು."

"ಯಾರು ಹೇಳಿದ್ದು?"

"ನಮ್ಮ ತವರ ಕಡೆ ಹಂಗೇ."

ತವರಿನ ಪದ್ಧತಿಯ ಮುಂದೆ ಯಾರೂ ಮಾತಾಡುವ ಹಾಗಿಲ್ಲ. ಜಾರ್ಕಿನ್ ಹುರಿ ಬಿಚ್ಚಿದಳು. ಮತ್ತೆ ಕಟ್ಟಿದಳು. ಆಮೇಲೆ ಮಗುವಿಗೆ ನೀರು ಕುಡಿಸಬೇಕಾಯಿತು. ಆಮೇಲೆ ಟೋಪಿ ಬದಲಾಯಿಸಬೇಕಾಯಿತು. "ಮದುವೆ ಗಂಡಿಗೂ ಇಷ್ಟು ಸಿಂಗಾರ ಮಾಡಲ್ಲಪ್ಪ!" ಎಂದು ಕಾಲಿಪಾ ಒದ್ದಾಡುವುದು ಕೇಳಿ, ಒಳಗೆ ಕುಳಿತ ತುರ್ಸುನಾಯ್‌ಗೆ ನಗು ಬಂತು. ನಕ್ಕರೂ ಕೆಮ್ಮು ಬರಲಿಲ್ಲ. ಕುರುಬ ಕುರಿಗಳನ್ನು ಹೊಡೆದುಕೊಂಡು ದೂರ ಹೊರಟಿದ್ದ. ಸಿಳ್ಳೆ ಇನ್ನೂ ಸಣ್ಣಗೆ ಇತ್ತು.

ಸಣ್ಣಗಾದರೂ ಇತ್ತಲ್ಲ. ತಾನು ಓಡುವ ಹಾಗಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾಯಿತು. ಮಾರ್ಚಿನ ಹುಡುಗಿಯಾಗಿದ್ದರೆ ಓಡುತ್ತಿದ್ದಳು. ಅರ್ಧದಾರಿಯಲ್ಲಿ ಬಿದ್ದು, ಮಗುವಿನ ಹಬ್ಬವನ್ನು ತನ್ನ ಹಬ್ಬ ಮಾಡಿಕೊಳ್ಳುತ್ತಿದ್ದಳು. ಓಡಬಾರದು, ಸರಿ. ಹಾಗೆಂದು ಒಳಗೇ ಕೂತರೆ ಕಾಲಿಪಾ ಅತ್ತೆ ಹೇಳಿದ್ದೇ ಸರಿ ಎಂದು ತಾನೇ ಒಪ್ಪಿಕೊಂಡ ಹಾಗೆ. ಎದ್ದಳು. ಪಂಪನ್ನು ಕೊರಳಲ್ಲಿದ್ದ ಕಂಬಳಿಯ ಚೀಲಕ್ಕೆ ಹಾಕಿಕೊಂಡು, ಹಿಂದೆಯೇ ಹೊರಟ ಅಜ್ಜಿಗೆ, "ನೀನು ಓಡ್ಬೇಡ, ನಿನ್ನೂ ನಾನೇ ಎತ್ಕೊಂಡು ಬರಬೇಕಾಗತ್ತೆ" ಎಂದು ಹೇಳಿ, ಮಕ್ಕಳು ಸಾಲು ನಿಂತಲ್ಲಿಗೆ ನಡೆದಳು.

"ಅಕ್ಕಾ, ಮುಂದೆ ಜಾಗ ಬಿಡ್ಲಾ?" ಎಂದ ಇಲ್ಗಿಜ್. ಹಲ್ಲು ಕಿರಿಯುತ್ತಿದ್ದ.

"ಬೇಡ ಕಣೋ. ನಾನು ಇವತ್ತು ನಡೀತೀನಿ. ಹಿಂದಿಂದ ನಿಮ್ಮ ಬೂಟು ಗೀಟು ಬಿದ್ರೆ ಆರಿಸ್ಕೊಂಡು ಬರ್ತೀನಿ."

ಟವೆಲು ಬೀಸಿದರು. ಮಕ್ಕಳು ಚೆದುರಿದ ಮರಿಗಳ ಹಾಗೆ ಹಾರಿದರು. ತುರ್ಸುನಾಯ್ ನಡೆದಳು. ತುಟಿ ಚೂಪು ಮಾಡಿ ಉಸಿರು ಬಿಡುತ್ತ, ಸಂತೆಯಲ್ಲಿ ಈರುಳ್ಳಿ ನೋಡುವವಳ ಹಾಗೆ ನಿಧಾನವಾಗಿ ನಡೆದಳು. ಎರಡೂ ಕಡೆ ನಿಂತ ಜನ ನಗಲು ಶುರುಮಾಡಿದರು. ಕುದುರೆಯ ಮೇಲಿದ್ದ ಒಬ್ಬ ಮುದುಕ ಕೂಗಿದ: "ಏ ಹುಡುಗೀ, ಹಬ್ಬ ಇವತ್ತೇ ಕಣಮ್ಮ, ನಾಳೆ ಅಲ್ಲ!"

"ಗೊತ್ತು ತಾತ! ನಾಳೇದಕ್ಕೂ ಈಗ್ಲೇ ಹೊರಟಿದೀನಿ!" ಎಂದಳು. ಮುಖ ಮಾತ್ರ ಕೆಂಡದ ಹಾಗೆ ಸುಡುತ್ತಿತ್ತು. ಹದಿನೈದರ ವಯಸ್ಸಿನಲ್ಲಿ ಊರೆಲ್ಲ ನೋಡುವಾಗ ಓಟದಲ್ಲಿ ನಡೆಯುವುದಕ್ಕೆ ಎಷ್ಟು ಎದೆ ಬೇಕೆಂದು ನಡೆದವರಿಗೇ ಗೊತ್ತು. ದಾರಿಯಲ್ಲಿ ನಿಜವಾಗಿಯೂ ಒಂದು ಪುಟ್ಟ ಬೂಟು ಬಿದ್ದಿತ್ತು. ಎತ್ತಿಕೊಂಡಳು.

ಅಷ್ಟರಲ್ಲಿ ಇಲ್ಗಿಜ್ ಗಾಳಿಯ ಹಾಗೆ ಹೋಗಿ ಹುರಿ ಕತ್ತರಿಸಿ ಆಗಿತ್ತು. ಚಪ್ಪಾಳೆ ಬಿತ್ತು. ಅವನು ಕುಬಾತ್‌ನ ಕೈಹಿಡಿದು ಅದೇ ರಭಸದಲ್ಲಿ ಎಳೆದ. ಮಗು ಒಂದು ಹೆಜ್ಜೆ ತೂಗಿ, ಧೊಪ್ಪನೆ ಕುಳಿತುಬಿಟ್ಟಿತು. ಎತ್ತಿ ನಿಲ್ಲಿಸಿದರು, ಕುಳಿತಿತು. ಬೋರ್ಸೋಕ್ ತೋರಿಸಿದರು, ಅಳತೊಡಗಿತು. ಹುರಿ ಕತ್ತರಿಸಿದ ಮೇಲೂ ಮಗು ನಡೆಯದಿದ್ದರೆ ಶಕುನ ಚೆನ್ನಲ್ಲ. ಕಾಲಿಪಾಳ ಮುಖ ಸಣ್ಣದಾಯಿತು.

ಆ ಹೊತ್ತಿಗೆ ತುರ್ಸುನಾಯ್ ಬೂಟು ಹಿಡಿದು ಬಂದು ಮುಟ್ಟಿದಳು. ಸುಧಾರಿಸಿಕೊಳ್ಳಲು ಮಂಡಿಯೂರಿ ಕೂತು, ಹೂ ಎಂದು ನಿಧಾನವಾಗಿ ಉಸಿರು ಬಿಟ್ಟಳು.

ಕುಬಾತ್‌ಗೆ ಆ ಸದ್ದು ಗೊತ್ತಿತ್ತು. ಅಳು ನಿಲ್ಲಿಸಿದ. ನೆಲಕ್ಕೆ ಕೈಯೂರಿ ಹಿಂಭಾಗ ಎತ್ತಿ ಎದ್ದ. ಯಾರ ಕೈಯನ್ನೂ ಹಿಡಿಯದೆ, ಕುಡಿದವನ ಹಾಗೆ ಓಲಾಡುತ್ತ ಒಂದೊಂದೇ ಹೆಜ್ಜೆ ಇಟ್ಟು ಬಂದು ತುರ್ಸುನಾಯ್‌ಳ ಕೊರಳಿನ ಚೀಲ ಹಿಡಿದುಕೊಂಡ. ನೀಲಿ ಪಂಪು ಹೊರಗೆಳೆದ. ಮುಚ್ಚಳ ಹಾಕಿದ್ದ ಹಾಗೆಯೇ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಊರೆಲ್ಲ ನೋಡುತ್ತಿರುವಾಗ ಹೂ ಎಂದು ಎಂಜಲು ಹಾರಿಸಿದ.

"ಅಯ್ಯೋ! ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದು ಕಾಲಿಪಾ ಎದೆ ಹಿಡಿದುಕೊಂಡಳು. "ಅವಳು ಮುಟ್ಟಲೂ ಇಲ್ಲ, ಆಗ್ಲೇ ಅಂಟ್ಕೊಂಡ್ತು!"

ತುರ್ಸುನಾಯ್ ಬೆಚ್ಚಿ ಪಂಪು ಕಿತ್ತುಕೊಂಡಳು. ಅತ್ತಿಗೆಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ನೋಡ್ದೆ ಅತ್ತೆ" ಎಂದಳು ಜಾರ್ಕಿನ್. ಬಂದು ಮಗುವಿನ ಬಾಯಿ ಒರೆಸಿದಳು. "ಮಗು ಕಲೀಬೇಕಾಗಿದ್ದು ನಡಿಯೋದನ್ನ. ನಡ್ಕೊಂಡು ಬಂದವಳು ಇವಳೊಬ್ಬಳೇ. ಮಿಕ್ಕವರೆಲ್ಲ ಓಡಿದ್ರು." ಮಾತಿಗೆ ಇಷ್ಟು ಖರ್ಚು ಮಾಡಿದ್ದೇ ಹೆಚ್ಚಾಯಿತೇನೋ ಎಂಬಂತೆ ದನಿ ತಗ್ಗಿಸಿ ಸೇರಿಸಿದಳು: "ಆಗ್ದಿರೋವಾಗ ಆಗಲ್ಲ ಅನ್ನೋದೂ ಒಂದು ಗುಣ. ಅದು ಇವನಿಗೆ ಅಂಟಿದ್ರೆ ನಂಗೇನೂ ಬೇಜಾರಿಲ್ಲ."

ಮಾತು ಕಾಲಿಪಾಳ ನಾಲಿಗೆಯ ಮೇಲೆ ಕುಳಿತು ಯೋಚಿಸಿದ್ದು ಬಹುಶಃ ಅದೇ ಮೊದಲು. "ಆದ್ರೂ ಕುರಿ ನಮ್ ಇಲ್ಗಿಜ್‌ಗೇ ತಾನೇ?" ಎಂದಳು ಕೊನೆಗೆ.

"ಕುರಿ ಅವನಿಗೇ. ಗಾಳಿ ಹಂಗೆ ಓಡಿದಾನೆ" ಎಂದಳು ತುರ್ಸುನಾಯ್. "ನಂಗೆ ಈ ಬೂಟು ಸಾಕು. ಯಾರ್ದಪ್ಪ ಇದು?"

ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಹೊಸ ಶರಬತ್ತಿನ ಬಾಟಲಿ ಖಾಲಿ ಮಾಡಿಸಿ, ಸಾಬೂನು ಹಾಕಿ ತೊಳೆದು, ತೂತು ಕೊರೆದು ಕೊಟ್ಟ. ತುರ್ಸುನಾಯ್ ಅದನ್ನು ತಾನೇ ಜಾಲರಿಗೆ ಕಟ್ಟಿದಳು, ಚರ್ಮದ ಚೀಲದಿಂದ ಆದಷ್ಟು ದೂರದಲ್ಲಿ. ಅಜ್ಜಿ ಬುರುಲ್ ಬಾಗಿಲ ಬಳಿ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು. ಬರಿಯ ಬಾಟಲಿ. ಬಡವರ ಮನೆಯದರ ಹಾಗೆ.

"ಹೊಗೆ ಬೇಡ. ಆಯ್ತು, ಗೊತ್ತಾಯ್ತು" ಎಂದಳು.

"ಹೂಂ, ಅಜ್ಜಿ."

"ಯಾವ ಗಿಡದ್ದೂ ಬೇಡ್ವಾ?"

"ಯಾವ ಗಿಡದ್ದೂ ಬೇಡ."

ಅಜ್ಜಿ ತಲೆಯಾಡಿಸಿ ಹೊರಟಳು. ಬಾಗಿಲ ಹೊದಿಕೆ ಎತ್ತಿದವಳು ಮತ್ತೆ ತಿರುಗಿದಳು.

"ಬೆಣ್ಣೆನಾದ್ರೂ ಒಂಚೂರು?"